ಹುಳುಮನೆಯ ಕ್ಯಾಲೆಂಡರಿನಲ್ಲಿ ನನ್ನ ಮೂರು ದಿನ

ಚಿಕ್ಕಬಳ್ಳಾಪುರದ ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಹೆಂಗಸು ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, "ಎಷ್ಟು ತಿಂಗ್ಳಮ್ಮ?" ಎಂದು ಕೇಳಿದಳು. ನನಗೆ ಮದುವೆಯಾಗಿರಲಿಲ್ಲ. "ಐದು" ಅಂದೆ. ಮುಟ್ಟು ನಿಂತು ಐದು ತಿಂಗಳಾಗಿತ್ತು, ಹಾಗಾಗಿ ಅದು ಪೂರ್ತಿ ಸುಳ್ಳೂ ಅಲ್ಲ. ಅವಳು ಚೀಲದಿಂದ ಒಂದು ಸೀಬೆಹಣ್ಣು ತೆಗೆದು ಕೊಟ್ಟಳು. ಅಮ್ಮ ಚೀಟಿ ಬರೆಸಿಕೊಂಡು ಬರುವಷ್ಟರಲ್ಲಿ ಅದನ್ನು ತಿಂದು ಮುಗಿಸಿದ್ದೆ.

ಸೀಬೆಹಣ್ಣೋ ಬಾಳೆಹಣ್ಣೋ. ಬರೆಯುವಾಗ ಸೀಬೆ ಎಂದು ಬಂತು, ಬಿಟ್ಟಿದ್ದೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ, ನೀವೂ ಅರ್ಧ ನಂಬಿದರೆ ಸಾಕು. ಯಾಕೆಂದರೆ ಇದು ಕಾಯಿಲೆಯ ಕಥೆ ಎನ್ನುವುದಕ್ಕಿಂತ, ಕಾಯಿಲೆಯ ಬಗ್ಗೆ ನಾನು ಹೇಳುತ್ತ ಬಂದ ಒಂದು ಸುಳ್ಳಿನ ಕಥೆ. ಆ ಸುಳ್ಳಿನಿಂದ ಗೌರಿಬಿದನೂರಿನಲ್ಲಿ ನನ್ನ ಚಿಕ್ಕಮ್ಮನ ಮಗಳು ನವ್ಯಾಳ ಮಾತ್ರೆ ನಿಂತುಹೋಯಿತು.

ನಮ್ಮ ಮನೆ ಜಂಗಮಕೋಟೆಯ ಪಕ್ಕ. ಅಪ್ಪ ಸಾದಲಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಹೆಂಗಸರ ಆರೋಗ್ಯದ ಮಾತು ಬಂದರೆ ಓದಿ ಮುಗಿಸಿದ ಪೇಪರನ್ನೇ ಮತ್ತೆ ಎತ್ತಿಕೊಳ್ಳುತ್ತಾರೆ. ನಾನು ಚಿಕ್ಕಬಳ್ಳಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಅಮ್ಮ ರೇಷ್ಮೆಹುಳು ಸಾಕುತ್ತಾಳೆ. ಮನೆಯ ಹಿಂದೆ ಹುಳುಮನೆ ಇದೆ. ಮುಟ್ಟಾದವರು ಮೂರು ದಿನ ಅದರೊಳಗೆ ಹೋಗಬಾರದು, ಹೋದರೆ ಹುಳುವಿಗೆ ಕೇಡು. ನಮ್ಮ ಮನೆಯಲ್ಲಿ ಬೇರೆ ಎಷ್ಟೋ ಮಡಿಗಳು ಸಡಿಲವಾಗಿವೆ, ಇದೊಂದು ಆಗಿಲ್ಲ. ದೇವರು ಕ್ಷಮಿಸಬಹುದು, ಹುಳು ಕ್ಷಮಿಸುವುದಿಲ್ಲ ಎನ್ನುವುದು ಅಮ್ಮನ ಲೆಕ್ಕ.

ಹುಳುಮನೆಯ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ನೇತುಹಾಕಿದೆ, ದಾರದಲ್ಲಿ ಕಟ್ಟಿದ ಪೆನ್ಸಿಲ್ಲಿನ ಸಮೇತ. ಬೆಳೆಯ ಎಲ್ಲ ವಿವರವನ್ನೂ ಅಮ್ಮ ಅದರಲ್ಲೇ ಬರೆಯುವುದು. ಚಾಕಿ, ಅಂದರೆ ಮರಿಹುಳು, ಬಂತು. ಮೂರನೇ ಜ್ವರ. ನಾಲ್ಕನೇ ಜ್ವರ ಎದ್ದಿತು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುವ ಹೊತ್ತು; ಜ್ವರ ಎದ್ದಿತು ಎಂದರೆ ಮತ್ತೆ ತಿನ್ನಲು ಶುರು. ಇವುಗಳ ಮಧ್ಯೆ ಕೆಲವು ತಾರೀಕುಗಳ ಕೆಳಗೆ, ಒಂದರ ಪಕ್ಕ ಒಂದರಂತೆ ಮೂರು ದಿನ, ಅಮ್ಮನ ಕೈಬರಹದಲ್ಲಿ "ಪದ್ದು ಇಲ್ಲ" ಎಂದಿರುತ್ತದೆ. ಪದ್ದು ನಾನು. ಆ ದಿನಗಳಲ್ಲಿ ಸೊಪ್ಪು ಹಾಕಲು ನಾನು ಒದಗುವುದಿಲ್ಲ ಎಂದು ಅರ್ಥ.

ಅಂದು ಕ್ಲಿನಿಕ್ಕಿಗೆ ಅಮ್ಮ ಆ ಕ್ಯಾಲೆಂಡರನ್ನು ಸುತ್ತಿ, ದಾರ ಕಟ್ಟಿ ತಂದಿದ್ದಳು. "ಡೇಟು ಕೇಳೇ ಕೇಳ್ತಾರೆ, ನಿಂಗೆ ಒಂದೂ ನೆನಪಿರಲ್ಲ" ಎಂದು.

ಡಾಕ್ಟರಮ್ಮ ಕೇಳಿದರು. ಅಮ್ಮ ಮೇಜಿನ ಮೇಲೆ ಕ್ಯಾಲೆಂಡರ್ ಬಿಡಿಸಿದಳು. ಸುರುಳಿ ಮತ್ತೆ ಸುತ್ತಿಕೊಳ್ಳದಂತೆ ಡಾಕ್ಟರಮ್ಮನ ಸ್ಟೆತಾಸ್ಕೋಪನ್ನೇ ಎತ್ತಿ ಒಂದು ಮೂಲೆಗೆ ಇಟ್ಟಳು.

"ಇದೇನಿದು, ನಾಲ್ಕನೇ ಜ್ವರ? ಇವರಿಗೆ ಪದೇ ಪದೇ ಜ್ವರ ಬರುತ್ತಾ?"

"ಅಯ್ಯೋ, ಅದು ಹುಳುದು ಮೇಡಂ. ಇವಳದು ಈ ಕಡೆ. ಪದ್ದು ಇಲ್ಲ ಅಂತ ಇದೆಯಲ್ಲ, ಅದು."

ಡಾಕ್ಟರಮ್ಮ ತಿಂಗಳು ತಿಂಗಳೂ ಬೆರಳಿಟ್ಟು ನೋಡಿದರು. "ಹೆಚ್ಚು ಕಮ್ಮಿ ಸರಿಯಾಗೇ ಆಗ್ತಿದೆಯಲ್ಲ. ಮತ್ತೆ ತೂಕ, ಗದ್ದದ ಕೂದಲು... ಥೈರಾಯ್ಡ್ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ."

ಆ ಕ್ಯಾಲೆಂಡರಿನಲ್ಲಿದ್ದ ಕೊನೆಯ ಐದು ತಿಂಗಳ "ಪದ್ದು ಇಲ್ಲ"ಗಳೂ ಸುಳ್ಳಾಗಿದ್ದವು. ಅದಕ್ಕೂ ಹಿಂದಿನವು ಎಷ್ಟು ಸುಳ್ಳು, ಎಷ್ಟು ನಿಜ ಎಂಬುದು ನನಗೇ ಗೊತ್ತಿರಲಿಲ್ಲ. ಕಚೇರಿಯಲ್ಲಿ ದಿನವಿಡೀ ಕಡತ ನೋಡುವವಳು ನಾನು. ಬರವಣಿಗೆಯಲ್ಲಿದ್ದರೆ ಅದೇ ಸತ್ಯ ಎಂದು ಬಂದವರಿಗೆಲ್ಲ ಹೇಳುವವಳು. ನನ್ನ ಬಗೆಗಿನ ಒಂದೇ ಕಡತವನ್ನು ನಾನೇ ಕೆಡಿಸಿಟ್ಟಿದ್ದೆ.

ಸುಳ್ಳು ಶುರುವಾದದ್ದು ಹೇಗೆ? ಹಿಂದೊಮ್ಮೆ ಮೂರು ತಿಂಗಳು ಬರಲಿಲ್ಲ, ಅಮ್ಮ ಮುಖ ನೋಡತೊಡಗಿದಳು, ಅವಳಿಗೆ ಭಯವಾಗಬಾರದು ಎಂದು ಒಂದು ಬೆಳಿಗ್ಗೆ "ಹೊರಗಾಗಿದ್ದೀನಮ್ಮ" ಎಂದೆ. ಹೀಗೆಂದು ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ಒಂದು ದಿನ ಕ್ಯಾಲೆಂಡರನ್ನು ಹತ್ತಿರದಿಂದ ನೋಡಿದಾಗ ಬೇರೆಯೇ ಕಂಡಿತು. ನನ್ನ ಮೂರು ದಿನಗಳು ಹೆಚ್ಚಿನ ಸಲ ಬಂದಿರುವುದು ನಾಲ್ಕನೇ ಜ್ವರ ಎದ್ದ ಮೇಲೆ. ಆಗ ಹುಳು ತಿಂದದ್ದೇ ತಿಂದದ್ದು. ಬೆಳಿಗ್ಗೆ ಐದೂವರೆಗೆ ಎದ್ದು ಹಿಪ್ಪುನೇರಳೆ ಕಡ್ಡಿ ಹೊತ್ತು ತಂದು ಹಾಕಿ, ಸ್ನಾನ ಮಾಡಿ, ಬಸ್ಸು ಹಿಡಿಯಬೇಕು. ಅಮ್ಮನ ಮೇಲಿನ ಪ್ರೀತಿ ಎಂದು ನಾನು ಇಷ್ಟು ದಿನ ಕರೆದದ್ದು ನಿದ್ದೆಯ ಆಸೆಯೂ ಆಗಿದ್ದಿರಬಹುದು. ಎರಡರಲ್ಲಿ ಯಾವುದು ಎಂದು ಈಗ ಕೇಳಿದರೆ ಹೇಳಲಾರೆ.

ಥೈರಾಯ್ಡ್ ಸರಿ ಇತ್ತು. ಹಾಗೇ ಮತ್ತೆ ಏಳೆಂಟು ತಿಂಗಳು ಹೋಯಿತು. ತೂಕ ಏರಿತು. ಬಸ್ಸಿನಲ್ಲಿ ಮೂವರ ಸೀಟಿಗೆ ನಾನು ಕೂತರೆ ಮೂರನೆಯವರು ನಿಂತೇ ಬರುತ್ತಿದ್ದರು. ಕೊನೆಗೆ ಒಂದು ದಿನ ಕಚೇರಿಗೆ ರಜೆ ಹಾಕಿ, ಅಮ್ಮನಿಗೆ ಹೇಳದೆ, ಅದೇ ಡಾಕ್ಟರಮ್ಮನ ಹತ್ತಿರ ಒಬ್ಬಳೇ ಹೋದೆ. ಸ್ಕ್ಯಾನಿಂಗಿಗೆ ನೀರು ಕುಡಿಸಿ ಕೂರಿಸಿದರು. ನನಗಿಂತ ಮುಂದೆ ಒಂಬತ್ತು ಜನ. ಆರನೆಯವರ ಹೊತ್ತಿಗೆ ನಾನು ಗೋಡೆ ಹಿಡಿದು ನಿಂತಿದ್ದೆ. ಅಲ್ಲಿನ ಆಯಾ ಬಂದು, "ನೀವ್ ಬನ್ನಿ, ಇವ್ರೆಲ್ಲ ಇನ್ನೂ ತಡೀತಾರೆ" ಎಂದು ಕೈ ಹಿಡಿದು ಒಳಗೆ ಬಿಟ್ಟಳು. ಆ ಇಡೀ ವರ್ಷದಲ್ಲಿ ಯಾರೂ ಏನೂ ಕೇಳದೆ ನನ್ನನ್ನು ನಂಬಿದ್ದು ಅದೊಂದೇ ಸಲ.

ಪಿಸಿಓಡಿ ಎಂದರು. ಅಂಡಾಶಯದ ಸುತ್ತ ನೀರುಗುಳ್ಳೆ. ಆಗ ನಿಜ ಹೇಳಿದೆ. ಡಾಕ್ಟರಮ್ಮ ಬೈದರು ಎಂದು ನನ್ನ ನೆನಪು. ಫೈಲು ತೆಗೆದು ನೋಡಿದರೆ ಬೈಗುಳದ ಗುರುತೇನೂ ಇಲ್ಲ; ರೋಗಿಯ ಹೇಳಿಕೆ ನಂಬುವಂತಿಲ್ಲ ಎನ್ನುವ ಅರ್ಥದ ಎರಡು ಇಂಗ್ಲಿಷ್ ಪದಗಳಿವೆ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮಾತ್ರೆ ಕೊಟ್ಟರು. ನಡೆಯಿರಿ, ಊಟ ನೋಡಿಕೊಳ್ಳಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಮನೆಗೆ ಬಂದು ನೀರುಗುಳ್ಳೆಯ ವಿಷಯ ಮಾತ್ರ ಹೇಳಿದೆ, ಸುಳ್ಳಿನ ವಿಷಯ ಹೇಳಲಿಲ್ಲ. ಅಮ್ಮ ಮಾತ್ರೆಯ ಹೆಸರನ್ನು ಮೆಡಿಕಲ್ ಸ್ಟೋರಿನ ಹುಡುಗಿಯ ಹತ್ತಿರ ವಿಚಾರಿಸಿಕೊಂಡು ಬಂದಳು.

"ಇದು ಸಕ್ಕರೆ ಕಾಯ್ಲೆ ಮಾತ್ರೆ ಅಂತಲ್ಲೇ. ನಿಂಗ್ಯಾಕೆ ಸಕ್ಕರೆ ಕಾಯ್ಲೆ?"

"ಇದಕ್ಕೂ ಕೊಡ್ತಾರಂತೆ ಅಮ್ಮ."

"ಯಾವ್ದಕ್ಕೋ ಮಾಡಿದ್ದನ್ನ ಯಾವ್ದಕ್ಕೋ ಕೊಡೋದು. ನಾನು ಹುಳುಗೆ ಹಂಗ್ ಮಾಡಿದ್ರೆ ಸುಮ್ನಿರ್ತೀಯಾ?"

ನನಗೂ ಅನುಮಾನವಿತ್ತು. ಅದೇ ವಾರ ಗೌರಿಬಿದನೂರಿನಿಂದ ಅಮ್ಮನ ತಂಗಿ ಬಂದಳು. ಅವಳ ಮಗಳು ನವ್ಯಾ ಹತ್ತೊಂಬತ್ತು ವರ್ಷದವಳು, ಡಿಗ್ರಿ ಓದುತ್ತಾಳೆ, ಅವಳಿಗೂ ಇದೇ ಕಾಯಿಲೆ, ಇದೇ ಮಾತ್ರೆ. ಚಿಂತಾಮಣಿಯಲ್ಲಿ ಗಿಡಮೂಲಿಕೆ ಕೊಡುವ ಒಬ್ಬ ಡಾಕ್ಟರಮ್ಮ ಇದ್ದಾರೆ, ಓದಿದವರು, ಮಂತ್ರಗಿಂತ್ರ ಇಲ್ಲ ಎಂದು ಸುದ್ದಿ ತಂದಿದ್ದಳು. "ಮೊದ್ಲು ಪದ್ದುಗೆ ಕೊಡ್ಸೋಣ ಕಣಕ್ಕ. ಇವಳಿಗೆ ಹಿಡಿದ್ರೆ ಆಮೇಲೆ ನಮ್ಮವಳಿಗೆ." ನಾನು ಅಲ್ಲೇ ಕೂತಿದ್ದೆ. ಹೊಸ ಔಷಧಿಯನ್ನು ಮೊದಲು ಒಂದು ತಟ್ಟೆ ಹುಳುವಿನ ಮೇಲೆ ನೋಡುವುದು ನಮ್ಮಲ್ಲಿ ಇದ್ದದ್ದೇ.

ಚಿಂತಾಮಣಿಯ ಡಾಕ್ಟರಮ್ಮ ಅರವತ್ತು ದಾಟಿದವರು. ಅರ್ಧ ತೆಲುಗು, ಅರ್ಧ ಕನ್ನಡ. ನಾಡಿ ಹಿಡಿಯುವ ಮೊದಲು ನನ್ನ ಸ್ಕ್ಯಾನಿಂಗ್ ರಿಪೋರ್ಟು ಕೇಳಿದರು. ಅದು ನನಗೆ ಹಿಡಿಸಿತು, ಹಿಡಿಸಿದ್ದಕ್ಕೇ ಅನುಮಾನವೂ ಬಂತು. ಪುಡಿಯಲ್ಲಿ ಏನಿದೆ ಎಂದು ಕೇಳಿದೆ.

"ಅಶೋಕದ ತೊಗಟೆ, ಲೋಧ್ರ, ಮೆಂತ್ಯ, ಹಲವು ಮಕ್ಕಳ ತಾಯಿ ಬೇರು."

ಅಮ್ಮ ಆ ಬೇರಿನ ಹೆಸರು ಕೇಳಿ ಕೈ ಮುಗಿದಳು.

"ಬೇರೆ ಏನೂ ಇಲ್ವಾ? ಇಂಗ್ಲಿಷ್ ಮಾತ್ರೆ ಪುಡಿ ಮಾಡಿ ಸೇರಿಸ್ತಾರೆ ಅಂತ ಕೇಳಿದ್ದೀನಿ" ಅಂದೆ. ಅಮ್ಮ ನನ್ನ ತೊಡೆ ಚಿವುಟಿದಳು.

ಅವರಿಗೆ ಬೇಜಾರಾಗಲಿಲ್ಲ. "ಕೇಳ್ಬೇಕಮ್ಮ, ಎಲ್ಲರ ಹತ್ರಾನೂ ಕೇಳ್ಬೇಕು. ಬೇಕಾದ್ರೆ ಸಾಮಾನು ಬರ್ಕೊಡ್ತೀನಿ, ನೀನೇ ತಂದು ಕುಟ್ಕೋ. ಚೂಡಮ್ಮಾ, ನೋಡು, ಆ ಮಾತ್ರೆ ಮಾತ್ರ ನಿಲ್ಲಿಸ್ಬೇಡ. ಇದು ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ಈ ಪುಡಿ ಕುಡೀತೀನಿ ಅಂತ ಅಲ್ಲಿಯ ಡಾಕ್ಟರಿಗೂ ಹೇಳು. ಮುದ್ದೆ ಒಂದೇ ತಿನ್ನು. ನಡಿ."

ನಮ್ಮ ಜೊತೆ ಬಂದಿದ್ದ ಚಿಕ್ಕಮ್ಮ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. "ನಿಲ್ಲಿಸ್ಬೇಡ" ಎಂಬ ಮಾತು ಅವಳಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಚಿಕ್ಕಬಳ್ಳಾಪುರದಲ್ಲಿ ಪುಡಿಯ ವಿಷಯ ಹೇಳಿದಾಗ ಆ ಡಾಕ್ಟರಮ್ಮ ಸಾಮಾನಿನ ಪಟ್ಟಿ ಓದಿ, ಹುಬ್ಬು ಗಂಟಿಕ್ಕಿ, "ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬೇಡಿ" ಎಂದಷ್ಟೇ ಹೇಳಿದರು.

ಮನೆಯಲ್ಲಿ ತೊಂದರೆ ಬೇರೆ ಕಡೆಯಿಂದ ಬಂತು. ಕಷಾಯ ಕುದಿಸಿದರೆ ಘಾಟು. ಹುಳುವಿಗೆ ಯಾವ ಘಾಟೂ ಆಗುವುದಿಲ್ಲ. ಬೆಳೆ ಇರುವಾಗ ನಮ್ಮಲ್ಲಿ ಊದುಬತ್ತಿಯನ್ನೂ ಹಚ್ಚುವುದಿಲ್ಲ, ಒಗ್ಗರಣೆಗೂ ಯೋಚನೆ. ಮೊದಲ ದಿನ ಪಾತ್ರೆ ಕುದಿಯುತ್ತಿದ್ದಂತೆ ಅಮ್ಮ ಅಡಿಗೆಮನೆಗೆ ಓಡಿಬಂದು ಒಲೆ ಆರಿಸಿದಳು. ಮಗಳ ಗರ್ಭಕೋಶ ಒಂದು ಕಡೆ, ಹುಳು ಒಂದು ಕಡೆ. ಅವಳಿಗೆ ಎರಡು ನಿಮಿಷ ಹಿಡಿಯಿತು, ಆಮೇಲೆ ತೀರ್ಮಾನ ಹೇಳಿದಳು: "ತೋಟದ ಬೋರ್‌ವೆಲ್ ಶೆಡ್ಡಲ್ಲಿ ಕುದ್ಸಿ ಕುಡೀ. ಬಿಸಿ ಇರೋವಾಗ್ಲೇ ಕುಡೀಬೇಕಂತೆ, ಅಲ್ಲೇ ಕುಡೀ."

ಶೆಡ್ಡು ಮನೆಯಿಂದ ಒಂದೂವರೆ ಕಿಲೋಮೀಟರ್. ಅಪ್ಪ ಮಾತಿಲ್ಲದೆ ಒಂದು ಸಣ್ಣ ಸ್ಟೌವನ್ನು ಸ್ಕೂಟರಿನಲ್ಲಿ ಅಲ್ಲಿಗೆ ಸಾಗಿಸಿದರು. ಬೆಳಿಗ್ಗೆ ಒಂದು ಸಲ, ಸಂಜೆ ಬಸ್ಸಿಳಿದು ಒಂದು ಸಲ, ಒಂದು ಲೋಟ ಕಹಿ ಕುಡಿಯಲು ನಾನು ದಿನಕ್ಕೆ ಆರು ಕಿಲೋಮೀಟರ್ ನಡೆಯತೊಡಗಿದೆ. ಡಾಕ್ಟರು ನಡೆ ಎಂದಾಗ ನಡೆದಿರಲಿಲ್ಲ. ಹುಳುವಿಗೋಸ್ಕರ ನಡೆದೆ. ಬದುವಿನ ಮೇಲೆ ಎದುರಾದ ಪಕ್ಕದ ತೋಟದ ಮುನಿಯಮ್ಮ, "ಏನಮ್ಮ ಪದ್ದು, ದಿನಾ ಎರಡು ಹೊತ್ತು ಮೋಟರ್ ಪೂಜೆನಾ?" ಎನ್ನುತ್ತಿದ್ದಳು.

ಎರಡು ತಿಂಗಳಾಯಿತು. ರವಿಕೆ ಸ್ವಲ್ಪ ಸಡಿಲವಾಯಿತು. ಮುಟ್ಟು ಬರಲಿಲ್ಲ; ಡಾಕ್ಟರಮ್ಮನಿಗೆ ನಿಜ ಹೇಳಿದ ಮೇಲೆ ಮನೆಯಲ್ಲಿ ಸುಳ್ಳು ಹೇಳುವುದನ್ನು ಬಿಟ್ಟಿದ್ದೆ, ಹಾಗಾಗಿ ಕ್ಯಾಲೆಂಡರೂ ಖಾಲಿ. ಅಮ್ಮ ದಿನಾ ಸಂಜೆ ನಾನು ತೋಟದಿಂದ ಬರುವುದನ್ನೇ ಬಾಗಿಲಲ್ಲಿ ನೋಡುತ್ತಿದ್ದಳು, ಮೊಟ್ಟೆ ಒಡೆಯಿತಾ ಎಂದು ನೋಡುವವಳ ಹಾಗೆ. ಆ ನೋಟ ತಡೆಯಲಾಗದೆ ಒಂದು ಬೆಳಿಗ್ಗೆ ಮತ್ತೆ ಹೇಳಿದೆ: "ಹೊರಗಾಗಿದ್ದೀನಮ್ಮ." ತಡೆಯಲಾಗದೆ ಎಂದು ಬರೆದಿದ್ದೇನೆ. ಅಂದು ನಾಲ್ಕನೇ ಜ್ವರ ಎದ್ದಿತ್ತು ಎಂಬುದನ್ನೂ ಬರೆಯಬೇಕು.

ಅಮ್ಮ "ಪದ್ದು ಇಲ್ಲ" ಎಂದು ಬರೆದು, ಪೆನ್ಸಿಲ್ ಬಿಟ್ಟು, ನೇರ ತಂಗಿಗೆ ಫೋನ್ ಮಾಡಿದಳು. ಮರುದಿನ ನನ್ನ ಪುಡಿಯಲ್ಲಿ ಅರ್ಧ ಕಟ್ಟಿ ಗೌರಿಬಿದನೂರಿಗೆ ಹೋಗುವವರ ಕೈಯಲ್ಲಿ ಕಳಿಸಿದಳು. ಮುಂದಿನ ಎರಡು ತಿಂಗಳೂ ನಾನು ಅದೇ ಸುಳ್ಳು ಹೇಳಿದೆ. ಮೊದಲನೆಯದು ಬಿದ್ದುಹೋಗದಿರಲು ಉಳಿದವು ಬೇಕಿದ್ದವು.

ಆಮೇಲೆ ಒಂದು ಮಧ್ಯಾಹ್ನ, ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ನವ್ಯಾ ಫೋನ್ ಮಾಡಿದಳು.

"ಅಕ್ಕ, ಒಂದ್ ಕೇಳ್ತೀನಿ, ನಿಜ ಹೇಳ್ಬೇಕು. ನಿಂಗೆ ಆ ಪುಡಿ ಕುಡಿದು ನಿಜವಾಗ್ಲೂ ಬಂತಾ?"

"ಯಾಕೆ?"

"ನಮ್ಮಮ್ಮ ಮಾತ್ರೆ ಬಿಡ್ಸಿ ಎರಡು ತಿಂಗ್ಳಾಯ್ತು. ಬರೀ ಪುಡಿ. ಮಾತ್ರೆಲಿ ಸರಿಯಾಗಿ ಬರ್ತಿತ್ತು ನಂಗೆ, ಬಿಟ್ಟ ಮೇಲೆ ನಿಂತೋಯ್ತು. ಈಗ ಶುರುವಾಗಿ ಹದಿನಾಲ್ಕು ದಿನ, ನಿಲ್ತಾನೇ ಇಲ್ಲ. ನಿನ್ನೆ ಕಾಲೇಜ್ ಮೆಟ್ಲಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ನಮ್ಮಮ್ಮ ಹೇಳ್ತಾಳೆ, ಕೆಟ್ಟ ರಕ್ತ ಎಲ್ಲ ಹೋಗ್ಲಿ, ಪುಡಿ ಕೆಲಸ ಮಾಡ್ತಿದೆ, ಪದ್ದು ನೋಡು ಎಷ್ಟು ಕ್ಲೀನಾಗಿದ್ದಾಳೆ ಅಂತ."

ನಾನು ಏನು ಹೇಳಿದೆ? ತಕ್ಷಣ ನಿಜ ಹೇಳಿದೆ ಎಂದು ಬರೆಯಲು ಕೈ ಹೋಗುತ್ತಿದೆ. ಹೇಳಲಿಲ್ಲ. "ಸಂಜೆ ಮಾಡ್ತೀನಿ ಕಣೇ" ಎಂದು ಇಟ್ಟೆ. ಊಟ ಮಾಡಿದೆನೋ ಇಲ್ಲವೋ ಗೊತ್ತಿಲ್ಲ, ಡಬ್ಬಿ ಮಾತ್ರ ಖಾಲಿಯಾಗಿ ಮನೆಗೆ ಬಂತು. ನವ್ಯಾ ಹೇಳಿದರೆ ಚಿಕ್ಕಮ್ಮ ನಂಬುವುದಿಲ್ಲ, ನಾನು ಹೇಳಿದರೂ ಅಷ್ಟೇ. ಅವಳು ನಂಬುವುದು ತನ್ನ ಅಕ್ಕನನ್ನು. ಅಕ್ಕ ನಂಬುವುದು ಕ್ಯಾಲೆಂಡರನ್ನು.

ಅಂದು ಕ್ಯಾಲೆಂಡರಿನ ಪ್ರಕಾರ ನನ್ನ ಎರಡನೆಯ ದಿನ. ಬಸ್ಸಿಳಿದವಳು ತೋಟಕ್ಕೆ ಹೋಗಲಿಲ್ಲ. ಕೈಕಾಲು ತೊಳೆದು ಸೀದಾ ಹುಳುಮನೆಯ ಬಾಗಿಲು ತೆಗೆದು ಒಳಗೆ ಕಾಲಿಟ್ಟೆ. ಅಮ್ಮ ಕಂಕುಳಲ್ಲಿ ಕಡ್ಡಿಯ ಹೊರೆ ಹಿಡಿದುಕೊಂಡು ಸೊಪ್ಪು ಹಾಕುತ್ತಿದ್ದಳು.

"ಏಯ್, ಆಚೆ ಹೋಗೇ. ಬುದ್ಧಿ ನೆಟ್ಟಗಿದೆಯಾ?"

"ಬಂದಿಲ್ಲಮ್ಮ."

"ಏನ್ ಬಂದಿಲ್ಲ?"

"ಮುಟ್ಟು ಬಂದಿಲ್ಲ. ಹೋದ ತಿಂಗ್ಳೂ ಬಂದಿರ್ಲಿಲ್ಲ. ಸುಳ್ಳು ಹೇಳಿದ್ದೆ. ಅಲ್ಲಿ ನವ್ಯಾಗೆ ಹದಿನಾಲ್ಕು ದಿನದಿಂದ ಹೋಗ್ತಿದೆ, ಮಾತ್ರೆ ಬಿಡ್ಸಿದ್ದಾರೆ, ನನ್ನ ನೋಡಿ ಬಿಡ್ಸಿದ್ದಾರೆ."

ಅಮ್ಮ ಕೈಯಲ್ಲಿದ್ದ ಸೊಪ್ಪನ್ನೆಲ್ಲ ಹಾಕಿ ಮುಗಿಸಿದಳು. ಆಮೇಲೆ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದು ನನ್ನ ಮುಂದೆ ಹಿಡಿದಳು. ಬೆರಳಿಟ್ಟು ಹಿಂದಕ್ಕೆ ಹಿಂದಕ್ಕೆ ಹೋದಳು.

"ಇದು?"

"ಸುಳ್ಳು."

"ಇದು?"

"ಸುಳ್ಳು."

"ಯುಗಾದಿದು?"

"ನಿಜ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ಇದು?"

"ನೆನಪಿಲ್ಲಮ್ಮ."

ನೆನಪಿಲ್ಲ ಎಂದವೇ ಹೆಚ್ಚು. ಅವಳು ಅಳಲಿಲ್ಲ. ನನ್ನ ಗರ್ಭಕೋಶದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಇಷ್ಟೂ ದಿನ ಒಬ್ಬಳೇ ಸೊಪ್ಪು ಹಾಕಿದ್ದೀನಲ್ಲೇ ನಾನು" ಅಂದಳು. "ಆ ಶ್ರಾವಣದ ಬೆಳೇಲಿ ಬೆನ್ನು ಎತ್ತಕ್ಕೆ ಆಗ್ತಿರ್ಲಿಲ್ಲ, ನೀನು ಒಳಗೆ ಮಲಗಿದ್ದೆ."

ಆಮೇಲೆ ಫೋನ್ ತೆಗೆದುಕೊಂಡಳು. ತಂಗಿಗೆ ಅವಳು ಹೇಳಿದ್ದು ಇಷ್ಟೇ: "ನಮ್ಮವಳು ಸುಳ್ಳಿ. ಆ ಮಗೂನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಗು. ಬೆಳಿಗ್ಗೆ ಅಲ್ಲ, ಈಗ್ಲೇ." ಆ ಕಡೆಯಿಂದ ಚಿಕ್ಕಮ್ಮನ ದನಿ ನನಗೂ ಕೇಳಿಸುತ್ತಿತ್ತು. ಮನೆ ಹಾಳಿ ಎಂದಳು, ಹೊಟ್ಟೆ ಬೆಳೆಸಿದ ಹಾಗೆ ಸುಳ್ಳೂ ಬೆಳೆಸಿದ್ದಾಳೆ ಎಂದಳು. ಅಮ್ಮ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು, ನನಗೆ ಪೂರ್ತಿ ಕೇಳಿಸಲಿ ಎಂದೇ ಇರಬೇಕು.

ನವ್ಯಾಳಿಗೆ ರಕ್ತ ಬಹಳ ಕಡಿಮೆಯಾಗಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದಳು, ಮಾತ್ರೆ ಮತ್ತೆ ಶುರುವಾಯಿತು. ಹುಷಾರಾದ ಮೇಲೆ ಚಿಂತಾಮಣಿಗೆ ಅವಳನ್ನು ಕರೆದುಕೊಂಡು ಹೋದದ್ದು ನಾನೇ. ಅಲ್ಲಿಯ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, ಅವಳಿಗೆ ಪುಡಿ ಬೇಡವೇ ಬೇಡ ಎಂದರು. "ಒಬ್ಬಳಿಗೆ ಕೊಟ್ಟಿದ್ದನ್ನ ಇನ್ನೊಬ್ಬಳಿಗೆ ಹಂಚಕ್ಕೆ ಇದೇನು ಪ್ರಸಾದನಾ?" ಬಸ್ಸಿನಲ್ಲಿ ನವ್ಯಾ ನನ್ನ ಭುಜಕ್ಕೆ ಒರಗಿ ಮಲಗಿದಳು. ಕ್ಷಮಿಸಿದ್ದಾಳೆ ಎಂದುಕೊಂಡೆ. ಸುಸ್ತೂ ಇರಬಹುದು.

ನಾನು ಮಾತ್ರೆ ಬಿಡಲಿಲ್ಲ, ಕಷಾಯವನ್ನೂ ಬಿಡಲಿಲ್ಲ, ಆರು ಕಿಲೋಮೀಟರನ್ನೂ ಬಿಡಲಿಲ್ಲ. ಅದಾಗಿ ಏಳನೆಯ ವಾರದಲ್ಲಿ ಒಂದು ಬೆಳಿಗ್ಗೆ ಕೆಳಹೊಟ್ಟೆ ಹಿಡಿದುಕೊಂಡಿತು. ಬಂದಿತ್ತು. ಯಾವುದರಿಂದ ಬಂತು? ಮಾತ್ರೆಯೋ, ತೊಗಟೆಯೋ, ಬದುವಿನ ಮೇಲಿನ ನಡಿಗೆಯೋ, ಸುಳ್ಳು ಹೊರಗೆ ಹಾಕಿದ ಹಗುರವೋ. ಕೊನೆಯದನ್ನು ಬರೆದ ಕೂಡಲೇ ಹೊಡೆದುಹಾಕಬೇಕೆನಿಸುತ್ತದೆ, ಅಷ್ಟು ಚೆಂದವಾಗಿದೆ ಅದು. ಒಂದೊಂದೇ ನಿಲ್ಲಿಸಿ ನೋಡಲೇ ಎಂದು ಚಿಕ್ಕಬಳ್ಳಾಪುರದಲ್ಲಿ ಆಮೇಲೆ ಕೇಳಿದೆ. "ನಿಮ್ಮ ಮೇಲೆ ನೀವೇ ಪ್ರಯೋಗ ಮಾಡ್ಕೋಬೇಡಿ" ಎಂದರು ಡಾಕ್ಟರಮ್ಮ. ನನಗಿನ್ನೂ ಗೊತ್ತಿಲ್ಲ. ಪುಡಿಯಿಂದ ವಾಸಿಯಾಯಿತು ಎನ್ನುವವರನ್ನೂ ಪುಡಿಯೆಲ್ಲ ಮೋಸ ಎನ್ನುವವರನ್ನೂ ನಾನು ಒಂದೇ ಅನುಮಾನದಿಂದ ನೋಡುತ್ತೇನೆ. ನನ್ನಂತೆ ಮನೆಯವರ ಮುಖ ನೋಡಿ ತಾರೀಕು ಹೇಳುವವರು ಇನ್ನೂ ಇರುತ್ತಾರೆ ಎಂದು ಮಾತ್ರ ಖಂಡಿತ ಗೊತ್ತು. ಅವರಿಗೆ ಹೇಳುವುದಿದ್ದರೆ ಇಷ್ಟೇ: ಮನೆಯಲ್ಲಿ ಹೇಳಲಾಗದಿದ್ದರೆ ಬೇಡ, ಡಾಕ್ಟರ ಹತ್ತಿರ ಒಬ್ಬರೇ ಹೋಗಿ ನಿಜ ಹೇಳಿ.

ಆ ಬೆಳಿಗ್ಗೆಗೆ ಬರುತ್ತೇನೆ. ನಾಲ್ಕನೇ ಜ್ವರ ಎದ್ದು ಎರಡನೆಯ ದಿನ, ಹುಳು ಹಸಿದು ಕೂತಿತ್ತು. ಹುಳುಮನೆಯ ಬಾಗಿಲ ಹೊರಗೆ ನಿಂತು, "ಅಮ್ಮ, ಹೊರಗಾಗಿದ್ದೀನಿ" ಅಂದೆ.

ಅಮ್ಮ ತಿರುಗಿಯೂ ನೋಡಲಿಲ್ಲ. "ನಾಲ್ಕನೇ ಜ್ವರ ಎದ್ದ ತಕ್ಷಣ ಬಂದ್ಬಿಡ್ತಾ? ನಿನ್ ಆಟ ನಂಗೊತ್ತು. ಬಾ, ಸೊಪ್ಪು ಹಾಕು."

"ನಿಜವಾಗ್ಲೂ ಅಮ್ಮ."

"ಬರ್ತೀಯೋ, ನಿಮ್ಮಪ್ಪನ್ನ ಕರೀಲೋ?"

ಒಳಗೆ ಹೋದೆ. ಮೂರು ದಿನ, ಎರಡು ಹೊತ್ತು, ನೋಯುವ ಹೊಟ್ಟೆಯ ಮೇಲೆ ಕಡ್ಡಿಯ ಹೊರೆ ಒತ್ತಿಕೊಂಡು ಸೊಪ್ಪು ಹಾಕಿದೆ. ಹುಳು ತಿಂದವು. ಪ್ರತಿ ಸಲವೂ ತಟ್ಟೆ ತಟ್ಟೆ ಬಗ್ಗಿ ನೋಡಿದೆ, ಯಾವುದಾದರೂ ಹಳದಿಗಟ್ಟಿದೆಯಾ, ಸೋತಿದೆಯಾ ಎಂದು. ಅವಳ ನಂಬಿಕೆ ನನ್ನೊಳಗೂ ಇಷ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ಹುಳು ಹಣ್ಣಾದವು, ಬಿದಿರ ತಟ್ಟಿಯ ಚಂದ್ರಿಕೆಗೆ ಬಿಟ್ಟೆವು, ಗೂಡು ಕಟ್ಟಿದವು.

ಗೂಡು ಬಿಡಿಸುವ ದಿನ ಅಂಗಳದಲ್ಲಿ ಚಂದ್ರಿಕೆಯ ಆ ಕಡೆ ಅವಳು, ಈ ಕಡೆ ನಾನು. ಬೆಳೆ ಚೆನ್ನಾಗಿ ಬಂದಿತ್ತು. ಸೊಪ್ಪು ಒಳ್ಳೆಯದಿತ್ತು, ಗಾಳಿ ಒಳ್ಳೆಯದಿತ್ತು ಎಂದು ಅವಳು ಕಾರಣಗಳನ್ನು ಹೇಳಿಕೊಳ್ಳುತ್ತಿದ್ದಳು.

"ಅಮ್ಮ, ಆ ಮೂರು ದಿನ ನಿಜವಾಗ್ಲೂ ಬಂದಿತ್ತು. ನಾನು ಒಳಗೇ ಇದ್ದೆ."

ಅವಳ ಕೈ ನಿಂತಿತು. ಕೈಯಲ್ಲಿದ್ದ ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಒಳಗಿನ ಹುಳು ಸರಿಯಾಗಿದ್ದರೆ ಲೊಟಲೊಟ ಎನ್ನುತ್ತದೆ. ಎಂದಿತು. ಇನ್ನೊಂದನ್ನು ಅಲ್ಲಾಡಿಸಿದಳು. ಅದೂ ಎಂದಿತು. ಮತ್ತೆ ಗೂಡು ಕೀಳತೊಡಗಿದಳು.

"ಯಾವ ತಾರೀಕು?" ಅಂದಳು ಕೊನೆಗೆ.

ಹೇಳಿದೆ.

"ಹೋಗಿ ಬರಿ. ನನ್ ಕೈಯೆಲ್ಲ ಅಂಟಾಗಿದೆ."

ಪೆನ್ಸಿಲ್ ಗೇಣುದ್ದ ಇದ್ದದ್ದು ಬೆರಳುದ್ದ ಆಗಿತ್ತು. ಮೂರು ತಾರೀಕುಗಳ ಕೆಳಗೂ ಬರೆದೆ: ಪದ್ದು ಇದ್ದಳು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದು ಬಂದು, ನನ್ನ ಭುಜದ ಹಿಂದಿನಿಂದ ಬಗ್ಗಿ ಓದಿದಳು.

"ಸೈನ್ ಹಾಕು ಕೆಳಗೆ" ಅಂದಳು.

ಹಾಕಿದೆ.